ಬ್ಲೆಂಡರ್: ಗೇಮ್‌ನ ಪಾತ್ರ ಕಟ್ಟುವ ತುಮಕೂರಿನ ಕಲಾವಿದರಿಗೆ ಇದೊಂದೇ ಸಾಕೇ?

ಬ್ಲೆಂಡರ್ ಎಂಬ ಉಚಿತ ತ್ರಿಡಿ ತಂತ್ರಾಂಶದ ಬಗ್ಗೆ ಬರೆಯುವುದಕ್ಕೆ ನೂರು ಸಂಗತಿಗಳಿವೆ; ಈ ವಿಮರ್ಶೆಯಲ್ಲಿ ಅದನ್ನು ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡಿದ್ದೇನೆ. ತುಮಕೂರಿನಲ್ಲಿ ಮನೆಯಲ್ಲೇ ಕೂತು, ಮಧ್ಯಮ ದರ್ಜೆಯ ಕಂಪ್ಯೂಟರ್ ಇಟ್ಟುಕೊಂಡು, ವಿಡಿಯೊ ಗೇಮ್‌ಗಳ ಕ್ಯಾರೆಕ್ಟರ್ ಆರ್ಟಿಸ್ಟ್ ಆಗಬೇಕೆಂದು ಹೊರಟಿರುವ ಒಬ್ಬ ಹುಡುಗನೋ ಹುಡುಗಿಯೋ ಇದೊಂದನ್ನೇ ನಂಬಿ ಬೆಂಗಳೂರಿನ ಸ್ಟುಡಿಯೊಗಳಿಗೆ ಕಳಿಸಬಹುದಾದ ಪೋರ್ಟ್‌ಫೋಲಿಯೊ ಸಿದ್ಧಪಡಿಸಿಕೊಳ್ಳಬಹುದೇ? ನನ್ನ ಉತ್ತರ ಬಹುಮಟ್ಟಿಗೆ ಹೌದು ಎಂಬುದು. ಎರಡು ಕಡೆ ಮಾತ್ರ ಇದು ಕೈಕೊಡುತ್ತದೆ. ಆ ಎರಡು ಜಾಗಗಳು ಯಾವುವು, ಅಲ್ಲಿ ಏನು ಮಾಡಬೇಕು ಎಂಬುದನ್ನು ಮೊದಲೇ ತಿಳಿದುಕೊಂಡವರಿಗೆ ತರಬೇತಿ ಕೇಂದ್ರಗಳ ದುಬಾರಿ ಶುಲ್ಕವನ್ನು ಸ್ವಲ್ಪ ಕಾಲ ಮುಂದೂಡುವ ಧೈರ್ಯ ಬರುತ್ತದೆ.

ಬೆಲೆಯ ವಿಚಾರ ಮೊದಲು. ಬ್ಲೆಂಡರ್‌ಗೆ ಬೆಲೆಯೇ ಇಲ್ಲ. ನೆದರ್‌ಲೆಂಡ್ಸಿನ ಟಾನ್ ರೋಸೆಂಡಾಲ್ 1990ರ ದಶಕದಲ್ಲಿ ತಮ್ಮ ಅನಿಮೇಷನ್ ಸ್ಟುಡಿಯೊದ ಒಳಬಳಕೆಗೆಂದು ಬರೆದ ಈ ತಂತ್ರಾಂಶ, ಅದನ್ನು ಮಾರುತ್ತಿದ್ದ ಕಂಪನಿ ಮುಚ್ಚಿಹೋದ ಮೇಲೆ, 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೊ ವಂತಿಗೆ ಕೂಡಿಸಿ ಬಿಡಿಸಿಕೊಂಡದ್ದರಿಂದ ಮುಕ್ತ ತಂತ್ರಾಂಶವಾಯಿತು. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಇರುವ ಕಾರಣ ಇದನ್ನು ವಾಣಿಜ್ಯ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು. ಇದರಲ್ಲಿ ಮಾಡಿದ ಪಾತ್ರ ಮಾಡಿದವರದೇ. ಉಚಿತವೆಂದರೆ ಕಳ್ಳಪ್ರತಿಯೇ ಇರಬೇಕು ಎಂದು ಅನುಮಾನಿಸುವ ತಂದೆತಾಯಿಗಳಿಗೆ ಇಷ್ಟನ್ನು ವಿವರಿಸಿ ಹೇಳಬೇಕಾಗುತ್ತದೆ. ಇದಕ್ಕೆ ಎದುರಾಗಿ ಉದ್ಯಮದಲ್ಲಿ, ಪರದೆಯ ಮೇಲೆ ಪಾತ್ರದ ಆಕಾರ ಕೆತ್ತುವ ಶಿಲ್ಪರಚನೆಗೆ ಹೆಚ್ಚು ಬಳಕೆಯಲ್ಲಿರುವ ಝೀಬ್ರಷ್, 2022ರಲ್ಲಿ ಮ್ಯಾಕ್ಸನ್ ಕಂಪನಿಯ ತೆಕ್ಕೆಗೆ ಹೋದ ಮೇಲೆ, ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ವ್ಯವಸ್ಥೆಯಿಂದ ತಿಂಗಳ ಅಥವಾ ವರ್ಷದ ಚಂದಾಕ್ಕೆ ಬದಲಾಗಿದೆ. ಇನ್ನೂ ಸಂಪಾದನೆ ಆರಂಭವಾಗದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಯಂತ್ರದ ವಿಷಯದಲ್ಲಿ ಮಾತ್ರ ಜಿಪುಣತನ ನಡೆಯುವುದಿಲ್ಲ. ಕನಿಷ್ಠ 8 ಜಿಬಿ ರ‍್ಯಾಮ್ ಸಾಕೆಂದು ಬ್ಲೆಂಡರ್ ತಯಾರಕರು ಹೇಳುತ್ತಾರಾದರೂ ಅವರೇ ಶಿಫಾರಸು ಮಾಡುವುದು 32 ಜಿಬಿ. ಪಾತ್ರಶಿಲ್ಪಕ್ಕೆ 16ಕ್ಕಿಂತ ಕಡಿಮೆ ಇರುವ ಲ್ಯಾಪ್‌ಟಾಪ್ ತೆಗೆದುಕೊಂಡರೆ ಬಹುಬೇಗ ಬೇಸರವಾಗುತ್ತದೆ. ಎಂ.ಜಿ. ರಸ್ತೆಯ ಅಂಗಡಿಗೆ ಹೋಗಿ ಬರೀ ‘ಗೇಮಿಂಗ್ ಲ್ಯಾಪ್‌ಟಾಪ್’ ಎಂದು ಕೇಳುವ ಬದಲು, ಮುಂದೆ ಇನ್ನೊಂದು ರ‍್ಯಾಮ್ ಹಾಕಿಸಲು ಖಾಲಿ ಜಾಗ ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಅದರ ಜೊತೆಗೆ ಒತ್ತಡ ಗುರುತಿಸುವ ಪೆನ್ ಟ್ಯಾಬ್ಲೆಟ್ ಒಂದು ಬೇಕೇ ಬೇಕು, ಏಕೆಂದರೆ ಮೌಸಿನಲ್ಲಿ ಮುಖ ಕೆತ್ತಲು ಹೋದರೆ ಕೈಯ ಹದವೇ ಸಿಗುವುದಿಲ್ಲ. ಪರದೆ ಇರುವ ದುಬಾರಿ ಮಾದರಿ ಬೇಕಿಲ್ಲ. ಪರದೆಯಿಲ್ಲದ, ಮಧ್ಯಮ ಗಾತ್ರದ ಸಾಧಾರಣ ಟ್ಯಾಬ್ಲೆಟ್ ವರ್ಷಗಟ್ಟಲೆ ಬಾಳುತ್ತದೆ. ಕರೆಂಟು ಹೋಗುವ ಊರಿನಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಒಂದು ಮಾತು: ಬ್ಲೆಂಡರ್ ತಾನಾಗಿಯೇ ಎರಡು ನಿಮಿಷಕ್ಕೊಮ್ಮೆ ತಾತ್ಕಾಲಿಕ ಪ್ರತಿ ಉಳಿಸುವಂತೆ ಹೊಂದಿಸಲಾಗಿರುತ್ತದೆ, ಆದರೆ ಅದನ್ನೇ ನೆಚ್ಚಿಕೊಳ್ಳದೆ ‘ಸೇವ್ ಇನ್‌ಕ್ರಿಮೆಂಟಲ್’ ಬಳಸಿ ಅಂಕಿ ಏರುತ್ತಾ ಹೋಗುವ ಹೊಸ ಹೊಸ ಕಡತಗಳನ್ನು ಉಳಿಸುವ ಅಭ್ಯಾಸವಿರಲಿ.

ಪರೀಕ್ಷೆಗೆ ನಾನು ಆರಿಸಿಕೊಂಡ ಪಾತ್ರ ಸೋಮ. ತುಮಕೂರು ಜಿಲ್ಲೆಯ ಹಳ್ಳಿಗಳ ಗ್ರಾಮದೇವತೆಯ ಜಾತ್ರೆಗಳಲ್ಲಿ ಸೋಮನ ಕುಣಿತ ನೋಡಿದವರಿಗೆ ಆ ದೊಡ್ಡ ಮರದ ಮುಖವಾಡ, ಅಗಲವಾದ ಕಣ್ಣು, ಮೇಲಿನ ಹೂವು ಬಟ್ಟೆಗಳ ಅಲಂಕಾರ, ನೆರಿಗೆಯ ಉಡುಪು ಇವೆಲ್ಲ ನೆನಪಿರುತ್ತವೆ. ಮುಖವಾಡದ ಬಣ್ಣವೇ ಆ ಸೋಮನ ಸ್ವಭಾವವನ್ನು ಸೂಚಿಸುತ್ತದೆ. ಅಭಿಮಾನಕ್ಕಾಗಿ ಮಾತ್ರ ಈ ಪಾತ್ರವನ್ನು ಆರಿಸಲಿಲ್ಲ. ಕ್ಯಾರೆಕ್ಟರ್ ಆರ್ಟಿಸ್ಟ್ ಒಬ್ಬರು ತಮಗೆ ಬರುತ್ತದೆಂದು ತೋರಿಸಬೇಕಾದ ಎಲ್ಲ ಕೌಶಲಗಳನ್ನೂ ಇದು ಒಂದೇ ಮೈಯಲ್ಲಿ ಬೇಡುತ್ತದೆ: ಬಣ್ಣ ಬಳಿದ ಗಟ್ಟಿ ಮರ, ಮಡಿಕೆ ಬೀಳುವ ಬಟ್ಟೆ, ಹೂವು ದಾರಗಳಂಥ ತೆಳುವಾದ ವಸ್ತು, ಬೆವರಿದ ಚರ್ಮ, ಮುಖವಾಡದ ಭಾರ ಹೊತ್ತ ಕುತ್ತಿಗೆ ಮತ್ತು ಹೆಗಲಿನ ಅಂಗರಚನೆ. ನೂರಾರು ಅರ್ಜಿಗಳಲ್ಲಿ ಅದೇ ಗಡ್ಡದ ಯೋಧ, ಅದೇ ರೋಬೋ ಸೈನಿಕರನ್ನು ನೋಡಿ ದಣಿದ ಕಣ್ಣಿಗೆ ಇದು ಬೇರೆಯಾಗಿ ಕಾಣುತ್ತದೆ ಎಂಬುದು ಮೇಲಿನ ಲಾಭ. ಆದರೆ ಆಧಾರಚಿತ್ರಗಳನ್ನು ಅಂತರ್ಜಾಲದಿಂದ ಎತ್ತಿಕೊಳ್ಳದೆ, ಕುಣಿಯುವವರ ಅನುಮತಿ ಪಡೆದು, ಮುಖವಾಡವನ್ನು ಮುಂದೆ, ಪಕ್ಕ, ಹಿಂದೆ, ಕೆಳಗೆ ಹೀಗೆ ಎಲ್ಲ ಕೋನಗಳಿಂದಲೂ ಒಂದೇ ಬೆಳಕಿನಲ್ಲಿ ತೆಗೆದುಕೊಳ್ಳಬೇಕು. ಮುಖವಾಡದ ಒಳಭಾಗವನ್ನು ತಲೆಗೆ ಹೇಗೆ ಕಟ್ಟುತ್ತಾರೆ ಎಂಬ ಚಿತ್ರ ಎಲ್ಲಕ್ಕಿಂತ ಮುಖ್ಯ. ಅದು ಗೊತ್ತಿಲ್ಲದೆ ಕೆತ್ತಿದ ಮುಖವಾಡ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಶಿಲ್ಪರಚನೆಯ ಹಂತದಲ್ಲಿ ಬ್ಲೆಂಡರ್ ಮೊದಲು ಸಂತೋಷ ಕೊಡುತ್ತದೆ, ಆಮೇಲೆ ತಾಳ್ಮೆ ಪರೀಕ್ಷಿಸುತ್ತದೆ. 2019ರ ಕೊನೆಯಲ್ಲಿ ಬಂದ 2.81 ಆವೃತ್ತಿಯಿಂದ ಇರುವ, ಮೇಲ್ಮೈಯನ್ನು ಸಮನಾದ ಜಾಲವಾಗಿ ಹೊಸದಾಗಿ ಹೆಣೆಯುವ ವಾಕ್ಸೆಲ್ ರೀಮೆಶ್ ಸೌಲಭ್ಯದಿಂದ ದೇಹದ ದಪ್ಪ ಆಕಾರಗಳನ್ನು ಬೇರೆ ಬೇರೆ ಗೋಳಗಳಾಗಿ ಇಟ್ಟು, ಒಂದುಗೂಡಿಸಿ, ಮಣ್ಣು ಮೆತ್ತುವ ಹಾಗೆ ತಿದ್ದುತ್ತ ಹೋಗಬಹುದು. ಕ್ಲೇ ಸ್ಟ್ರಿಪ್ಸ್, ಗ್ರ್ಯಾಬ್, ಕ್ರೀಸ್ ಈ ಮೂರು ಬ್ರಷ್‌ಗಳಲ್ಲೇ ಮುಖವಾಡದ ಮುಕ್ಕಾಲು ಕೆಲಸ ಮುಗಿಯುತ್ತದೆ. ಬಟ್ಟೆಯ ನೆರಿಗೆಗೆ ಇರುವ ಕ್ಲಾತ್ ಬ್ರಷ್ ಒಳ್ಳೆಯ ಆರಂಭ ಕೊಡುತ್ತದೆ, ಆದರೆ ಅದು ಕೊಟ್ಟ ಮಡಿಕೆಯನ್ನು ಹಾಗೆಯೇ ಬಿಡದೆ ಕೈಯಿಂದ ತಿದ್ದಲೇಬೇಕು. ನೆರಿಗೆ ಎಲ್ಲಿಂದ ಎಳೆಯಲ್ಪಟ್ಟಿದೆ, ಎಲ್ಲಿ ಸಡಿಲವಾಗಿದೆ ಎಂಬುದು ಕಾಣದಿದ್ದರೆ ಉಡುಪು ರಬ್ಬರಿನಂತೆ ತೋರುತ್ತದೆ.

ಕಷ್ಟ ಬರುವುದು ಸೂಕ್ಷ್ಮ ವಿವರಗಳಲ್ಲಿ. ಮರದ ಉಳಿಗುರುತು, ಸಿಪ್ಪೆಯೆದ್ದ ಬಣ್ಣ, ಚರ್ಮದ ರಂಧ್ರ ಇವುಗಳಿಗೆಂದು ಮಲ್ಟಿರೆಸಲ್ಯೂಷನ್ ಮಾಡಿಫೈಯರ್ ಹಾಕಿ ಮೆಶ್ಶಿನ (ಆಕಾರವನ್ನು ಕಟ್ಟುವ ಜಾಲದ) ಮುಖಗಳ, ಅಂದರೆ ಅದರ ಸಣ್ಣ ಚಪ್ಪಟೆ ತುಣುಕುಗಳ, ಸಂಖ್ಯೆ ಹಲವು ದಶಲಕ್ಷ ದಾಟಿದಾಗ ಸಾಧಾರಣ ಯಂತ್ರದಲ್ಲಿ ಬ್ರಷ್ ಎಳೆದ ಮೇಲೆ ಗೆರೆ ತಡವಾಗಿ ಮೂಡುತ್ತದೆ. ಝೀಬ್ರಷ್ ಇದೇ ಯಂತ್ರದಲ್ಲಿ ಅದರ ಎಷ್ಟೋ ಪಟ್ಟು ಮುಖಗಳನ್ನು ಸಲೀಸಾಗಿ ಹೊರುತ್ತದೆ. ಬ್ಲೆಂಡರ್ ಕೈಕೊಡುತ್ತದೆ ಎಂದು ಹೇಳಿದ ಎರಡು ಜಾಗಗಳಲ್ಲಿ ಇದು ಮೊದಲನೆಯದು. ಪರಿಹಾರ ಇಲ್ಲದಿಲ್ಲ: ಮುಖವಾಡ, ದೇಹ, ಉಡುಪು, ಆಭರಣಗಳನ್ನು ಪ್ರತ್ಯೇಕ ವಸ್ತುಗಳಾಗಿ ಒಡೆದು, ಕೆಲಸ ಮಾಡುತ್ತಿರುವುದನ್ನು ಬಿಟ್ಟು ಉಳಿದವನ್ನು ಮರೆಮಾಡಿಕೊಳ್ಳಬೇಕು, ತೀರಾ ಸಣ್ಣ ವಿವರಗಳನ್ನು ಶಿಲ್ಪದಲ್ಲಿ ಕೆತ್ತದೆ, ಮೇಲ್ಮೈಗೆ ಬಣ್ಣ ಬಳಿಯುವ ಟೆಕ್ಸ್ಚರ್ ಹಂತಕ್ಕೆ ಉಳಿಸಿಕೊಳ್ಳಬೇಕು. ಹೊಸಬರ ಪೋರ್ಟ್‌ಫೋಲಿಯೊಗಳಲ್ಲಿ ರಂಧ್ರಗಳು ಕಡಿಮೆಯಾಗಿ ಕೆಟ್ಟದ್ದನ್ನು ನಾನು ಕಂಡಿಲ್ಲ. ದವಡೆಯ ಆಕಾರ, ಭುಜದ ಅಗಲ ತಪ್ಪಿರುವಾಗ ಅದರ ಮೇಲೆ ರಂಧ್ರ ಕೆತ್ತಿ ಕೆಟ್ಟದ್ದೇ ಹೆಚ್ಚು.

ಶಿಲ್ಪದ ಮೇಲೆ ಹಗುರ ಮೆಶ್ ಹೆಣೆಯುವ ರೀಟೋಪಾಲಜಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಪೋರ್ಟ್‌ಫೋಲಿಯೊದ ಗಟ್ಟಿತನ ತೀರ್ಮಾನವಾಗುವುದು ಇಲ್ಲಿ, ಮತ್ತು ಅತಿ ಹೆಚ್ಚು ಮಂದಿ ಕೈಬಿಡುವುದೂ ಇಲ್ಲಿಯೇ. ಕೆತ್ತಿದ ಶಿಲ್ಪ ಎಷ್ಟೇ ಸುಂದರವಾಗಿರಲಿ, ದಶಲಕ್ಷಗಟ್ಟಲೆ ಮುಖಗಳ ಆ ಮೆಶ್ ಗೇಮ್‌ನೊಳಗೆ ಓಡಾಡುವ ಪಾತ್ರವಾಗಲಾರದು. ಅದರ ಮೇಲೆ ಹಗುರವಾದ ಹೊಸ ಮೆಶ್ ಒಂದನ್ನು ಹೆಣೆಯಬೇಕು: ಮೊಬೈಲ್ ಗೇಮ್‌ಗಾದರೆ ಸಾಮಾನ್ಯವಾಗಿ ಹತ್ತು ಸಾವಿರ ತ್ರಿಭುಜಗಳ ಆಸುಪಾಸು, ಪಿಸಿ ಮತ್ತು ಕನ್ಸೋಲ್‌ನ ಮುಖ್ಯ ಪಾತ್ರಕ್ಕಾದರೆ ಹಲವು ಹತ್ತು ಸಾವಿರ, ಕೆಲವೊಮ್ಮೆ ಲಕ್ಷದವರೆಗೂ. ಸಂಖ್ಯೆಗಿಂತ ಹರಿವು ಮುಖ್ಯ. ಕಣ್ಣು ಮತ್ತು ಬಾಯಿಯ ಸುತ್ತ ಬಳೆಯಂತೆ ಸುತ್ತುವ ಸಾಲುಗಳು, ಮೊಣಕೈ ಮೊಣಕಾಲು ಮಡಚಿದಾಗ ಕುಸಿಯದಂತೆ ತಡೆಯುವ ಕನಿಷ್ಠ ಮೂರು ಸಾಲುಗಳು, ಹೆಗಲಿನಿಂದ ಎದೆಗೆ ಸ್ನಾಯುವಿನ ದಿಕ್ಕಿನಲ್ಲೇ ಇಳಿಯುವ ಗೆರೆಗಳು ಇವನ್ನು ಅನುಭವಿ ಆರ್ಟ್ ಲೀಡ್ ಒಬ್ಬರು ಮೆಶ್ಶಿನ ಗೆರೆಗಳನ್ನಷ್ಟೇ ತೋರಿಸುವ ವೈರ್‌ಫ್ರೇಮ್ ಚಿತ್ರ ತೆರೆದ ಕೂಡಲೇ ಗುರುತಿಸುತ್ತಾರೆ. ಸೋಮನ ವಿಷಯದಲ್ಲಿ ಇಲ್ಲೊಂದು ಸ್ವಾರಸ್ಯವಿದೆ: ಮರದ ಮುಖವಾಡ ಅಲುಗುವುದಿಲ್ಲವಾದ್ದರಿಂದ ಅದರ ಕಣ್ಣು ಬಾಯಿಗೆ ಸುತ್ತುಸಾಲು ಬೇಕಿಲ್ಲ, ಆಕಾರದ ಅಂಚನ್ನು ಹಿಡಿದಿಡುವಷ್ಟು ತ್ರಿಭುಜ ಸಾಕು, ಉಳಿತಾಯವಾದದ್ದನ್ನು ಸೊಂಟದ ನೆರಿಗೆಗೂ ಬೆರಳುಗಳಿಗೂ ಖರ್ಚು ಮಾಡಬಹುದು. ಎಲ್ಲಿ ಖರ್ಚು ಮಾಡಿದಿರಿ, ಎಲ್ಲಿ ಉಳಿಸಿದಿರಿ ಎಂಬ ಈ ವಿವೇಕ ಕಾಣುವ ವೈರ್‌ಫ್ರೇಮ್, ಹತ್ತು ಚೆಂದದ ರೆಂಡರ್‌ಗಳಿಗಿಂತ (ಬೆಳಕು ಹಾಕಿ ತೆಗೆದ ಅಂತಿಮ ಚಿತ್ರಗಳಿಗಿಂತ) ಹೆಚ್ಚು ಮಾತಾಡುತ್ತದೆ.

ಈ ಕೆಲಸಕ್ಕೆ ಬ್ಲೆಂಡರ್ ಕೊಡುವ ಸಲಕರಣೆಗಳು ಸಾಕಷ್ಟಿವೆ. ಹೊಸ ಮೆಶ್ಶಿನ ಬಿಂದುಗಳು ಶಿಲ್ಪದ ಮೇಲ್ಮೈಗೆ ಅಂಟಿಕೊಳ್ಳುವಂತೆ ಸ್ನ್ಯಾಪಿಂಗ್ ಹೊಂದಿಸಿ, ಶ್ರಿಂಕ್‌ರ‍್ಯಾಪ್ ಮಾಡಿಫೈಯರ್ ಹಾಕಿ, ಪಾಲಿ ಬಿಲ್ಡ್‌ನಿಂದ ಒಂದೊಂದೇ ಚೌಕ ಎಳೆಯುತ್ತ ಹೋಗಬಹುದು. ನಿಧಾನವಾದರೂ ಕಲಿಯುವವರಿಗೆ ಈ ನಿಧಾನವೇ ಒಳ್ಳೆಯದು. ರೀಟೋಪೊಫ್ಲೋ ಎಂಬ ಆಡ್-ಆನ್ (ಬ್ಲೆಂಡರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಾಧನ) ಕೆಲಸವನ್ನು ಬಹಳ ಚುರುಕುಗೊಳಿಸುತ್ತದೆ, ಆದರೆ ಮೊದಲ ಪಾತ್ರಕ್ಕೆ ಅದನ್ನು ಕೊಳ್ಳಬೇಕೆಂದು ನಾನು ಹೇಳಲಾರೆ. ಒಂದು ಗುಂಡಿ ಒತ್ತಿದರೆ ಚೌಕಗಳ ಜಾಲ ಹೆಣೆದುಕೊಡುವ ಸ್ವಯಂಚಾಲಿತ ಸಾಧನಗಳೂ ಇವೆ. ಅವು ಕಲ್ಲಿಗೂ ಕಂಬಕ್ಕೂ ಸರಿ, ಮಡಚಿ ಕುಣಿಯುವ ದೇಹಕ್ಕೆ ಅವುಗಳ ಫಲಿತವನ್ನು ಹಾಗೆಯೇ ಪೋರ್ಟ್‌ಫೋಲಿಯೊಗೆ ಹಾಕಿದರೆ ನೋಡಿದವರಿಗೆ ತಕ್ಷಣ ತಿಳಿಯುತ್ತದೆ.

ಯುವಿ ಬಿಡಿಸುವುದು, ಅಂದರೆ ಬಣ್ಣ ಬಳಿಯಲು ಮೆಶ್ಶನ್ನು ಕತ್ತರಿಸಿ ಚಪ್ಪಟೆಯಾಗಿ ಹರಡುವುದು, ಬ್ಲೆಂಡರಿನಲ್ಲಿ ಸರಳ. ಸೀಮ್ (ಕತ್ತರಿಸುವ ಗೆರೆ) ಹಾಕುವ ಜಾಗವನ್ನು ಕಣ್ಣಿಗೆ ಬೀಳದ ಒಳತೊಡೆ, ಕಂಕುಳ, ಮುಖವಾಡದ ಹಿಂಬದಿಗಳಲ್ಲಿ ಆರಿಸಿದರಾಯಿತು. ಬೇಕಿಂಗ್ ಮಾತ್ರ ಹೊಸಬರನ್ನು ಕಾಡುತ್ತದೆ. ಭಾರದ ಶಿಲ್ಪದ ವಿವರಗಳನ್ನು ಹಗುರ ಮೆಶ್ಶಿನ ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗುಗಳನ್ನು ಬಣ್ಣದಲ್ಲಿ ದಾಖಲಿಸುವ ಚಿತ್ರಕ್ಕೆ) ಇಳಿಸುವ ಈ ಕ್ರಿಯೆಯನ್ನು ಸೈಕಲ್ಸ್ ರೆಂಡರರ್ ಮೂಲಕ ಮಾಡಬೇಕು, ಕೇಜ್‌ನ (ಹಗುರ ಮೆಶ್ಶನ್ನು ಸುತ್ತುವ ಹೊದಿಕೆಯ) ದೂರವನ್ನು ಅಂದಾಜಿನಿಂದ ಸರಿಪಡಿಸಿಕೊಳ್ಳಬೇಕು, ಮತ್ತು ಪಕ್ಕಪಕ್ಕದ ವಸ್ತುಗಳ ವಿವರ ಒಂದರ ಮೇಲೊಂದು ಬೀಳದಂತೆ ಭಾಗಗಳನ್ನು ದೂರ ಸರಿಸಿ ಬೇಕ್ ಮಾಡಬೇಕು. ಮಾರ್ಮೊಸೆಟ್ ಟೂಲ್‌ಬ್ಯಾಗ್‌ನಂಥ ಹಣ ಕೊಟ್ಟು ಕೊಳ್ಳುವ ತಂತ್ರಾಂಶದಲ್ಲಿ ಇದೇ ಕೆಲಸ ಕಣ್ಣೆದುರೇ ತಿದ್ದಿಕೊಳ್ಳುವಷ್ಟು ಸುಲಭ. ಹಾಗೆಂದು ಬ್ಲೆಂಡರಿನ ಫಲಿತಾಂಶ ಕೀಳಲ್ಲ. ಬ್ಲೆಂಡರ್ ಬಳಸುವ ಮಿಕ್‌ಟಿಸ್ಪೇಸ್ ಎಂಬ ಲೆಕ್ಕಾಚಾರವನ್ನೇ ಅನ್‌ರಿಯಲ್, ಯೂನಿಟಿ ಎಂಬ ಎರಡೂ ಗೇಮ್ ಎಂಜಿನ್‌ಗಳು ಅನುಸರಿಸುವುದರಿಂದ ಇಲ್ಲಿ ಬೇಕ್ ಮಾಡಿದ್ದು ಅಲ್ಲಿ ಸರಿಯಾಗಿಯೇ ಕೂರುತ್ತದೆ. ಒಂದೇ ಎಚ್ಚರಿಕೆ: ಬ್ಲೆಂಡರ್ ಮತ್ತು ಯೂನಿಟಿ ನಾರ್ಮಲ್ ಮ್ಯಾಪಿನ ಹಸಿರು ಚಾನೆಲ್ಲನ್ನು ಓಪನ್‌ಜಿಎಲ್ ರೀತಿಯಲ್ಲಿ ಓದುತ್ತವೆ, ಅನ್‌ರಿಯಲ್ ಡೈರೆಕ್ಟ್‌ಎಕ್ಸ್ ರೀತಿಯಲ್ಲಿ ಓದುತ್ತದೆ, ಹಸಿರನ್ನು ತಿರುಗಿಸದೆ ಅನ್‌ರಿಯಲ್‌ಗೆ ಒಯ್ದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ. ಪೋರ್ಟ್‌ಫೋಲಿಯೊದಲ್ಲಿ ಈ ಲೋಪ ಉಳಿದಿದ್ದರೆ ತಾಂತ್ರಿಕ ಜ್ಞಾನವಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗಿಬಿಡುತ್ತದೆ.

ಟೆಕ್ಸ್ಚರ್ ಬಣ್ಣಗಾರಿಕೆಯಲ್ಲಿ ಬ್ಲೆಂಡರ್ ನೇರವಾಗಿ ಸೋಲುತ್ತದೆ. ಇದು ಎರಡನೆಯ ಜಾಗ. ಇದರ ಟೆಕ್ಸ್ಚರ್ ಪೇಂಟ್‌ನಲ್ಲಿ ಪದರಗಳ ವ್ಯವಸ್ಥೆಯೇ ಇಲ್ಲ. ಮರದ ಮೇಲೆ ಸುಣ್ಣದ ಲೇಪ, ಅದರ ಮೇಲೆ ಕೆಂಪು, ಅಂಚುಗಳಲ್ಲಿ ಸವೆದು ಕಾಣುವ ಮರ, ಕುಂಕುಮದ ಪುಡಿ, ಎಣ್ಣೆಯ ಜಿಡ್ಡು ಹೀಗೆ ಒಂದರ ಮೇಲೊಂದು ಏರುವ ವಿವರಗಳನ್ನು, ಬೇಕಾದಾಗ ಹಿಂತೆಗೆಯುವ ಅನುಕೂಲವಿಟ್ಟುಕೊಂಡು ಬಳಿಯಬೇಕಾದರೆ ನೋಡ್‌ಗಳ (ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳ) ದೊಡ್ಡ ಜಾಲವನ್ನೇ ಕಟ್ಟಬೇಕಾಗುತ್ತದೆ. ಸ್ಟುಡಿಯೊಗಳಲ್ಲಿ ಈ ಕೆಲಸಕ್ಕೆ ರೂಢಿಯಲ್ಲಿರುವುದು ಸಬ್‌ಸ್ಟೆನ್ಸ್ ಪೇಂಟರ್. 2019ರಿಂದ ಅದು ಅಡೋಬಿಯ ಒಡೆತನದಲ್ಲಿದ್ದು ಚಂದಾ ಆಧಾರದ ಮೇಲೆ ಸಿಗುತ್ತದೆಯಾದರೂ, ಸ್ಟೀಮ್ ಅಂಗಡಿಯಲ್ಲಿ ಆಯಾ ವರ್ಷದ ಆವೃತ್ತಿಯನ್ನು ಒಂದೇ ಬಾರಿ ಹಣ ಕೊಟ್ಟು ಇಟ್ಟುಕೊಳ್ಳುವ ದಾರಿಯೂ ಇದೆ. ಹಣ ಖರ್ಚು ಮಾಡಲೇಬೇಕಾದ ಒಂದೇ ತಂತ್ರಾಂಶ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಅದೂ ಮೊದಲ ಪಾತ್ರದ ರೀಟೋಪಾಲಜಿ ಮುಗಿದ ಮೇಲೆ.

ರಿಗ್ (ಪಾತ್ರಕ್ಕೆ ಅಲುಗಾಡುವ ಎಲುಬುಗೂಡು ಜೋಡಿಸುವುದು), ಪೋಸ್, ರೆಂಡರ್ ಹಂತಗಳಲ್ಲಿ ದೂರುವಂಥದ್ದು ಕಡಿಮೆ. ರಿಗ್ ಕಟ್ಟುವ ರಿಗಿಫೈ ಬ್ಲೆಂಡರಿನ ಜೊತೆಗೇ ಬರುತ್ತದೆ. ಕೈ ಚಾಚಿ ಟಿ ಆಕಾರದಲ್ಲಿ ನಿಂತ ಪಾತ್ರವನ್ನು ಹಾಗೆಯೇ ತೋರಿಸದೆ, ಹೆಜ್ಜೆ ಎತ್ತಿದ ಸೋಮನ ಭಾರ ಯಾವ ಕಾಲಿನ ಮೇಲಿದೆ ಎಂಬುದು ತಿಳಿಯುವಂತೆ ಒಂದು ಪೋಸ್ ಕೊಡುವುದಕ್ಕೆ ಅದು ಧಾರಾಳ. ಈವೀ ರೆಂಡರರ್‌ನಲ್ಲಿ ಮೂರು ದೀಪ ಇಟ್ಟು ಪಾತ್ರವನ್ನು ಒಂದು ಸುತ್ತು ತಿರುಗಿಸುವ ಟರ್ನ್‌ಟೇಬಲ್ ವಿಡಿಯೊ ತೆಗೆಯಬಹುದು. ಆದರೆ ಗೇಮ್ ಸ್ಟುಡಿಯೊಗೆ ಅರ್ಜಿ ಹಾಕುವವರು ಅಷ್ಟಕ್ಕೇ ನಿಲ್ಲದೆ, ಉಚಿತವಾಗಿಯೇ ಸಿಗುವ ಅನ್‌ರಿಯಲ್ ಎಂಜಿನ್‌ನೊಳಗೆ ಪಾತ್ರವನ್ನು ಇಳಿಸಿದ ಒಂದು ಚಿತ್ರವನ್ನಾದರೂ ಸೇರಿಸಬೇಕು. ಬ್ಲೆಂಡರ್ ಮೀಟರಿನಲ್ಲೂ ಅನ್‌ರಿಯಲ್ ಸೆಂಟಿಮೀಟರಿನಲ್ಲೂ ಅಳೆಯುವುದರಿಂದ ಎಫ್‌ಬಿಎಕ್ಸ್ ಕಡತ ಕಳಿಸುವಾಗ ಅಳತೆಯನ್ನು ಮೊದಲೇ ಹೊಂದಿಸಿಕೊಳ್ಳದಿದ್ದರೆ ಸೋಮ ಇರುವೆಯಷ್ಟಾಗಿಯೋ ಗೋಪುರದಷ್ಟಾಗಿಯೋ ಬಂದು ನಿಲ್ಲುತ್ತಾನೆ.

ಇಷ್ಟೆಲ್ಲ ಆದ ಮೇಲೆ ತಂತ್ರಾಂಶ ಮಾಡಿಕೊಡಲಾರದ ಕೆಲಸವೊಂದು ಉಳಿಯುತ್ತದೆ, ಅದು ಆಯ್ಕೆ. ಆರ್ಟ್‌ಸ್ಟೇಷನ್ ತಾಣದಲ್ಲಿ ಉಚಿತ ಖಾತೆ ತೆರೆದರೆ ಸಾಕು. ನೇಮಕ ಮಾಡುವವರು ನೋಡುವ ಜಾಗ ಬಹುತೇಕ ಅದೇ. ಅಲ್ಲಿ ಪೂರ್ಣಗೊಂಡ ಮೂರು ಪಾತ್ರಗಳಿದ್ದರೆ ಅರ್ಧ ಮುಗಿದ ಹದಿನೈದು ತಲೆಗಳನ್ನು ತೆಗೆದುಹಾಕುವುದೇ ಲೇಸು, ಏಕೆಂದರೆ ನೋಡುವವರು ನಿಮ್ಮ ಅತಿ ಸೊರಗಿದ ಕೃತಿಯನ್ನೂ ನಿಮ್ಮ ಮಟ್ಟವೆಂದೇ ಎಣಿಸುತ್ತಾರೆ. ಪ್ರತಿ ಪಾತ್ರದ ಕೆಳಗೆ ತ್ರಿಭುಜಗಳ ಸಂಖ್ಯೆ, ಟೆಕ್ಸ್ಚರ್‌ಗಳ ಗಾತ್ರ 2048 ಅಥವಾ 4096 ಪಿಕ್ಸೆಲ್ ಎಂಬುದು, ಬಳಸಿದ ತಂತ್ರಾಂಶಗಳ ಹೆಸರು, ವೈರ್‌ಫ್ರೇಮ್, ನಾರ್ಮಲ್ ಮ್ಯಾಪ್ ಇವು ಇರಲಿ. ಬೆಂಗಳೂರಿನ ಗೇಮ್ ಉದ್ಯಮ ಬೆಳೆದದ್ದು ಬಹುಪಾಲು ಬೇರೆ ದೇಶದ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಡುತ್ತಲೇ. 1997ರಲ್ಲಿ ಆರಂಭವಾಗಿ 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಪಾಲಾದ ಧ್ರುವ ಇಂಟರ್‌ಆ್ಯಕ್ಟಿವ್ ಅದಕ್ಕೆ ಹೆಸರಾಂತ ಉದಾಹರಣೆ. ಇಂಥ ಕಡೆ ಸ್ವಂತ ಕಲ್ಪನೆಯಷ್ಟೇ ಮುಖ್ಯವಾದದ್ದು ಕೊಟ್ಟ ಚಿತ್ರಕ್ಕೆ ನಿಷ್ಠವಾಗಿ ಪಾತ್ರವನ್ನು ಕಟ್ಟುವ ಶಿಸ್ತು. ಆದ್ದರಿಂದ ಮೂರರಲ್ಲಿ ಒಂದಾದರೂ ಬೇರೆ ಕಲಾವಿದರು ಬರೆದ ಕಾನ್ಸೆಪ್ಟ್ ಚಿತ್ರವನ್ನು, ಅವರ ಅನುಮತಿ ಪಡೆದು ಹೆಸರು ನಮೂದಿಸಿ, ಆಧರಿಸಿದ್ದಾಗಿರಲಿ. ಮೂಲಚಿತ್ರವನ್ನೂ ಪಕ್ಕದಲ್ಲೇ ಇಟ್ಟರೆ ನಿಮ್ಮ ನಿಷ್ಠೆಯನ್ನು ಅವರು ಅಳೆದು ನೋಡಿಕೊಳ್ಳುತ್ತಾರೆ.

ಉದ್ಯೋಗ ಜಾಹೀರಾತುಗಳಲ್ಲಿ ಝೀಬ್ರಷ್ ಮತ್ತು ಮಾಯಾ (ಇನ್ನೊಂದು ತ್ರಿಡಿ ತಂತ್ರಾಂಶ) ಎಂದು ಬರೆದಿರುವುದನ್ನು ಕಂಡು ಬ್ಲೆಂಡರ್ ಕಲಿತದ್ದು ವ್ಯರ್ಥವಾಯಿತೇ ಎಂದು ಹೆದರುವವರಿದ್ದಾರೆ. ಅಂಗರಚನೆ, ಮೆಶ್ಶಿನ ಹರಿವು, ಬೇಕಿಂಗ್‌ನ ತತ್ವ ಇವು ಎಲ್ಲ ಕಡೆ ಒಂದೇ; ಗುಂಡಿಗಳ ಜಾಗವನ್ನು ಆಮೇಲೆ ಕಲಿಯಬಹುದು. ಕಾಲೇಜು ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಕಂಪನಿ ಮಾಯಾವನ್ನು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವ ಶೈಕ್ಷಣಿಕ ಪರವಾನಗಿಯಲ್ಲಿ ಉಚಿತವಾಗಿ ಕೊಡುತ್ತದೆ, ನಗರದ ಇಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳಲ್ಲಿ ಓದುತ್ತಿರುವವರು ಅದಕ್ಕೆ ಅರ್ಜಿ ಹಾಕಿ ನೋಡಬಹುದು. ಝೀಬ್ರಷ್ ಬೇಕೇ ಬೇಕೆನ್ನಿಸಿದರೆ ಎರಡನೆಯ ಪಾತ್ರದ ಶಿಲ್ಪದ ಹಂತಕ್ಕೆ ಮಾತ್ರ ಒಂದೆರಡು ತಿಂಗಳ ಚಂದಾ ಕಟ್ಟಿ ನಿಲ್ಲಿಸಿದರೂ ನಡೆಯುತ್ತದೆ. ಕನ್ನಡದಲ್ಲಿ ಈ ವಿಷಯದ ಕ್ರಮಬದ್ಧ ಪಾಠಗಳು ನನಗೆ ಕಂಡದ್ದು ಕಡಿಮೆ, ಕಲಿಕೆ ಬಹುಮಟ್ಟಿಗೆ ಇಂಗ್ಲಿಷ್ ವಿಡಿಯೊಗಳಿಂದಲೇ ಆಗಬೇಕು.

ಗೇಮ್ ಪಾತ್ರದ ಪೋರ್ಟ್‌ಫೋಲಿಯೊ ಎಂಬ ಈ ಒಂದೇ ಬಳಕೆಗೆ ಬ್ಲೆಂಡರ್‌ಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಭಾರದ ಶಿಲ್ಪಕ್ಕೆ, ಇನ್ನರ್ಧ ಪದರವಿಲ್ಲದ ಬಣ್ಣಗಾರಿಕೆಗೆ. ಇಳಿಸಿಕೊಳ್ಳುವವರು ಹೊಸತೆಂಬ ಕಾರಣಕ್ಕೆ ಇತ್ತೀಚಿನ ಆವೃತ್ತಿಯನ್ನೇ ಆರಿಸದೆ, ಎರಡು ವರ್ಷಗಳ ಕಾಲ ದೋಷ ತಿದ್ದುಪಡಿಗಳು ಸಿಗುವ ಎಲ್‌ಟಿಎಸ್ ಆವೃತ್ತಿಯನ್ನು, ಉದಾಹರಣೆಗೆ 2025ರ ಜುಲೈನಲ್ಲಿ ಬಂದ 4.5 ಅನ್ನು, ಹಾಕಿಕೊಳ್ಳಿ. ಒಂದು ಪಾತ್ರ ಮುಗಿಯುವವರೆಗೆ ಅದನ್ನು ಬದಲಿಸಬೇಡಿ, ಏಕೆಂದರೆ ನಡುವೆ ಆವೃತ್ತಿ ಏರಿಸಿದಾಗ ಆಡ್-ಆನ್‌ಗಳು ಕೆಲಸ ನಿಲ್ಲಿಸುವುದುಂಟು.